ಐವತ್ತು ದಾಟಿದ ಮೇಲೂ ಕೋಡ್ ಬರೆಯಬೇಕು ಎನ್ನುವವರಿಗೆ

ಮೊದಲು ಒಂದು ಕೆಲಸ ಮಾಡಿ. ಹೋದ ವಾರದ ಕ್ಯಾಲೆಂಡರ್ ತೆಗೆಯಿರಿ. ನಿಮ್ಮ ಕೈ ನಿಜವಾಗಿ ಕೋಡ್ ಮುಟ್ಟಿದ್ದು ಎಷ್ಟು ಗಂಟೆ ಅಂತ ಎಣಿಸಿ. ಬೇರೆಯವರ ಕೋಡ್ ಬಗ್ಗೆ ಮೀಟಿಂಗಿನಲ್ಲಿ ಮಾತಾಡಿದ್ದು ಲೆಕ್ಕಕ್ಕಿಲ್ಲ. ಸ್ಲೈಡ್ ಮಾಡಿದ್ದು, ಎಕ್ಸೆಲ್ ತುಂಬಿದ್ದು ಕೂಡ ಲೆಕ್ಕಕ್ಕಿಲ್ಲ.

2018ರ ಮೇ ತಿಂಗಳಲ್ಲಿ ನಾನು ಈ ಲೆಕ್ಕ ಹಾಕಿದೆ. ಆಗ ನನಗೆ 45. ಆ ವಾರ 48 ಗಂಟೆ ಆಫೀಸಿನಲ್ಲಿದ್ದೆ. ಕೋಡ್ ಮುಟ್ಟಿದ್ದು ಎರಡೂವರೆ ಗಂಟೆ. ಅದೂ ಒಬ್ಬ ಹುಡುಗ ರಜೆ ಹಾಕಿದ್ದಕ್ಕೆ, ಅವನ ಕೆಟ್ಟುನಿಂತ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಹಂತ) ಸರಿ ಮಾಡಲು ಕೂತಿದ್ದು. ಇಡೀ ವಾರದಲ್ಲಿ ನನಗೆ ಹಸಿವು ಮರೆತುಹೋಗಿದ್ದು ಆ ಎರಡೂವರೆ ಗಂಟೆ ಮಾತ್ರ. ಮತ್ತೆ ಕೋಡ್ ಬರೆಯುವ ಕೆಲಸಕ್ಕೇ ಹೋಗಬೇಕು ಅಂತ ಅವತ್ತು ಮನೆಗೆ ಹೋಗುವಾಗಲೇ ತೀರ್ಮಾನ ಆಗಿತ್ತು.

ನಾನು ತಿಪಟೂರಿನವಳು. 1995ರಲ್ಲಿ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದೆ. ಮೊದಲ ಎಂಟು ವರ್ಷ ಜಯನಗರದ ಒಂದು ಚಿಕ್ಕ ಕಂಪನಿಯಲ್ಲಿದ್ದೆ. ಆಫೀಸು, ಹೋಟೆಲುಗಳ ಒಳಗಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಸಿ ಮತ್ತು ಅಸೆಂಬ್ಲಿ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಆಮೇಲೆ ಹದಿನಾರು ವರ್ಷ ಒಂದು ದೊಡ್ಡ ಸರ್ವಿಸ್ ಕಂಪನಿ, ಅಂದರೆ ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಅದರಲ್ಲಿ ಕೊನೆಯ ಒಂಬತ್ತು ವರ್ಷ ಮ್ಯಾನೇಜರ್. ಈಗ ನನಗೆ 52. ಆಸ್ಪತ್ರೆಯಲ್ಲಿ ಔಷಧಿಯನ್ನು ಅಳತೆ ಮಾಡಿ ಹನಿಹನಿಯಾಗಿ ರಕ್ತನಾಳಕ್ಕೆ ಬಿಡುವ ಇನ್‌ಫ್ಯೂಷನ್ ಪಂಪ್ ಇರುತ್ತಲ್ಲ, ಅದರೊಳಗಿನ ಕೋಡ್ ಬರೆಯುತ್ತೇನೆ. ದಿನಕ್ಕೆ ಐದು ಗಂಟೆಯಾದರೂ.

ನಡುವೆ ಏನು ಮಾಡಿದೆ, ಯಾವುದು ಫಲ ಕೊಟ್ಟಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ತಂಡ ನಡೆಸುವುದೇ ನಿಮಗೆ ಇಷ್ಟ ಅಂತಾದರೆ ಅದೂ ಒಳ್ಳೆಯ ಕೆಲಸವೇ. ಆದರೆ ಈ ಬರಹ ನಿಮಗಲ್ಲ.

ನಮ್ಮನ್ನು ಯಾಕೆ ಮ್ಯಾನೇಜರ್ ಮಾಡುತ್ತಾರೆ

ಇದು ಅರ್ಥವಾಗದಿದ್ದರೆ ಸುಮ್ನೆ ನಿಮ್ಮನ್ನೇ ನೀವು ಬೈದುಕೊಳ್ಳುತ್ತೀರಿ. ಸರ್ವಿಸ್ ಕಂಪನಿಗೆ ಗ್ರಾಹಕ ಕೊಡುವುದು ತಲೆಗೆ ಇಷ್ಟು, ಗಂಟೆಗೆ ಇಷ್ಟು ಅಂತ. ಆ ದರ ಹೆಚ್ಚು ಏರುವುದಿಲ್ಲ. ನಮ್ಮ ಸಂಬಳ ಮಾತ್ರ ವರ್ಷ ವರ್ಷ ಏರುತ್ತದೆ. ಹಾಗಾಗಿ ಕೆಳಗೆ ತುಂಬಾ ಹೊಸಬರು, ಮೇಲೆ ಕೆಲವೇ ಹಳಬರು ಇದ್ದರೆ ಮಾತ್ರ ಕಂಪನಿಗೆ ಲಾಭ. ಇದನ್ನು ಪಿರಮಿಡ್ ಅನ್ನುತ್ತಾರೆ. ಇಪ್ಪತ್ತು ವರ್ಷ ಅನುಭವ ಇರುವವರು ಕೂತು ಕೋಡ್ ಬರೆದರೆ ಆ ಲೆಕ್ಕ ಕೂಡುವುದಿಲ್ಲ. ಹದಿನೈದು ಜನರನ್ನು ನೋಡಿಕೊಂಡರೆ ಕೂಡುತ್ತದೆ. ನಿಮ್ಮ ಕೈ ಮಂಕಾಯಿತು ಅಂತ ಯಾರೂ ತೀರ್ಪು ಕೊಟ್ಟಿಲ್ಲ.

ತನ್ನದೇ ಉತ್ಪನ್ನ ಮಾಡುವ ಕಂಪನಿಗಳಲ್ಲಿ, ಹೊರದೇಶದ ಕಂಪನಿಗಳ ಬೆಂಗಳೂರು ಕೇಂದ್ರಗಳಲ್ಲಿ ಎರಡು ಏಣಿ ಇರುತ್ತವೆ. ಒಂದು ಮ್ಯಾನೇಜರ್ ಏಣಿ. ಇನ್ನೊಂದು ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್ ಎಂಜಿನಿಯರ್ ಅಂತ ಹೋಗುವ ಏಣಿ. ಕಾಗದದ ಮೇಲೆ ಇದ್ದ ಮಾತ್ರಕ್ಕೆ ನಂಬಬೇಡಿ. ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ. ‘ನಿಮ್ಮಲ್ಲಿ ಪ್ರಿನ್ಸಿಪಲ್ ಎಂಜಿನಿಯರ್ ಎಷ್ಟು ಜನ ಇದ್ದಾರೆ? ಅವರಲ್ಲಿ ಒಬ್ಬರು ಕಳೆದ ತಿಂಗಳು ಬರೆದ ಕೋಡ್ ಯಾವುದು?’ ಎರಡನೆಯದಕ್ಕೆ ತಕ್ಷಣ ಉತ್ತರ ಬಂದರೆ ಒಳ್ಳೆಯ ಜಾಗ. ‘ಅವರು ದಿಕ್ಕು ತೋರಿಸ್ತಾರೆ’ ಅಂದರೆ ಮತ್ತೆ ಸ್ಲೈಡ್ ಮಾಡುವ ಕೆಲಸವೇ. ಆರ್ಕಿಟೆಕ್ಟ್ ಅನ್ನುವ ಹುದ್ದೆಯ ಬಗ್ಗೆಯೂ ಇದೇ ಎಚ್ಚರ ಇರಲಿ.

ಮನೆಯವರ ಪ್ರಶ್ನೆಗೂ ತಯಾರಾಗಿರಿ. ‘ಇನ್ನೂ ಕೋಡಿಂಗೇನಾ? ಮ್ಯಾನೇಜರ್ ಆಗಿದ್ದೆಯಲ್ಲ, ಏನಾಯ್ತು?’ ಅಂತ ನನ್ನ ಅಮ್ಮ ಕೇಳಿದರು. ನಮ್ಮ ಬೀದಿಯ ಆಚಾರ್ರು ಎಪ್ಪತ್ತು ದಾಟಿದ ಮೇಲೂ ಉಳಿ ಹಿಡಿಯುತ್ತಿದ್ದರು. ಅವರು ಮಾಡಿದ ಬಾಗಿಲು ನಮ್ಮ ಮನೆಯಲ್ಲಿ ಈಗಲೂ ಇದೆ. ‘ಅವರನ್ನ ಯಾರಾದರೂ ಹಾಗೆ ಕೇಳಿದ್ರಾಮ್ಮ?’ ಅಂದೆ. ಅಮ್ಮ ಮತ್ತೆ ಕೇಳಲಿಲ್ಲ. ಕೇಳುವವರು ಕಂಪ್ಯೂಟರ್ ಗೊತ್ತಿರುವವರಾದರೆ ಬ್ರಯಾನ್ ಕೆರ್ನಿಘನ್ ಅವರ ಹೆಸರು ಹೇಳಿ. 1942ರಲ್ಲಿ ಹುಟ್ಟಿದವರು. ತಾವೂ ಸೇರಿ 1970ರ ದಶಕದಲ್ಲಿ ಮಾಡಿದ, ಪಠ್ಯದ ಸಾಲುಗಳನ್ನು ಜಾಲಾಡುವ ಆಕ್ ಭಾಷೆಗೆ 2022ರಲ್ಲಿ, 80ನೇ ವಯಸ್ಸಿನಲ್ಲಿ, ಎಲ್ಲ ಭಾಷೆಗಳ ಲಿಪಿಗೂ ಜಾಗ ಕೊಡುವ ಯೂನಿಕೋಡ್ ಸೇರಿಸಿದರು. ಅವರ ಆಕ್ ಈಗ ಕನ್ನಡದ ಸಾಲನ್ನೂ ಬರೀ ಬೈಟ್ ಅಂತ ನೋಡದೆ ಲಿಪಿಯಾಗಿ ನೋಡುತ್ತದೆ. ನಮ್ಮಲ್ಲೇ ಕೆ. ಪಿ. ರಾವ್ ಇದ್ದಾರೆ. 1940ರಲ್ಲಿ ಹುಟ್ಟಿದವರು. ನಮ್ಮಲ್ಲಿ ತುಂಬಾ ಜನ ಕನ್ನಡ ಟೈಪ್ ಮಾಡುವ ಕೀಲಿಮಣೆಯ ವಿನ್ಯಾಸ ಅವರದು.

ಬಿಡಿಸಿದ ಗಂಟುಗಳ ಪಟ್ಟಿ

ಇಡೀ ಬರಹದಲ್ಲಿ ನೀವು ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ನಮ್ಮಂಥವರ ರೆಸ್ಯೂಮೆಯಲ್ಲಿ ‘24 ವರ್ಷಗಳ ಅನುಭವ’ ಅಂತ ಇರುತ್ತದೆ. ಅದನ್ನು ಓದುವವರಿಗೆ ಕಾಣುವುದು ನಮ್ಮ ಸಂಬಳ ಮಾತ್ರ. ಅದರ ಕೆಳಗೆ ಸಿ, ಜಾವಾ, ಒರಾಕಲ್ ಅಂತ ಪಟ್ಟಿ. ಅದು ಇಪ್ಪತ್ತೈದರ ಹುಡುಗರ ಹತ್ತಿರವೂ ಇದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟಕ್ಕೆ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಏನು ಕೆಟ್ಟಿತ್ತು, ಎರಡನೆಯದರಲ್ಲಿ ಹೇಗೆ ಹಿಡಿದಿರಿ ಅಂತ ಬರೆಯಿರಿ. ಮೂರನೆಯ ಕಾಲಂನಲ್ಲಿ, ಇದೇ ತೊಂದರೆ ಇನ್ನೆಲ್ಲಿ ಬರಬಹುದು ಅಂತ ಬರೆಯಿರಿ. ದಿನಕ್ಕೆ ಒಂದು ನೆನಪು ಸಾಕು. ನಾನು ಎರಡು ತಿಂಗಳಲ್ಲಿ 37 ಬರೆದೆ. ಕೆಲವಕ್ಕೆ ಮೂರನೆಯ ಕಾಲಂ ಖಾಲಿ ಉಳಿಯಿತು. ಅದರಿಂದ ಏನೂ ನಷ್ಟ ಇಲ್ಲ.

ಅದರಲ್ಲಿ ಒಂದು 1997ರದು. ಮೈಸೂರಿನ ಒಂದು ಹೋಟೆಲಿನಿಂದ ದೂರು ಬಂದಿತ್ತು. ರೂಮಿನ ಫೋನಿನಲ್ಲಿ 9 ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಎಕ್ಸ್‌ಚೇಂಜ್ ಓದುತ್ತಿತ್ತು. ಕೀಲಿ ಒತ್ತಿದಾಗ ಒಳಗಿನ ಲೋಹದ ತುದಿಗಳು ಒಂದೇ ಸಲಕ್ಕೆ ಕೂಡಿಕೊಳ್ಳುವುದಿಲ್ಲ. ಕೆಲವು ಮಿಲಿಸೆಕೆಂಡ್ ನೆಗೆದಾಡುತ್ತವೆ. ಕೀ ಬೌನ್ಸ್ ಅನ್ನುತ್ತೇವೆ. ಆ ನೆಗೆತವನ್ನೆಲ್ಲ ಪ್ರೋಗ್ರಾಂ ಬೇರೆ ಬೇರೆ ಒತ್ತುವಿಕೆ ಅಂದುಕೊಂಡರೆ ಒಂದು ಅಂಕೆ ಎರಡಾಗುತ್ತದೆ. ನಮ್ಮ ಕೋಡಿನಲ್ಲಿ ಕಾಯುವ ಸಮಯ ಇತ್ತು. ಆದರೆ ಹಳೆಯದಾಗಿ ಸವೆದ ಕೀಲಿಗಳಿಗೆ ಅದು ಸಾಲುತ್ತಿರಲಿಲ್ಲ. ಹೊಸ ಫೋನಿನಲ್ಲಿ ಪರೀಕ್ಷೆ ಮಾಡಿದ್ದರಿಂದ ನಮಗೆ ಕಂಡಿರಲಿಲ್ಲ. ಮೂರು ದಿನ, ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಹಿಡಿದು ಆ ಹೋಟೆಲಿನಲ್ಲೇ ಕೂತಿದ್ದೆ.

ಮೂರನೆಯ ಕಾಲಂನಲ್ಲಿ ‘ಕೀಲಿ ಇರುವ ಯಾವುದೇ ಯಂತ್ರ’ ಅಂತ ಬರೆದು, ಎಲ್ಲೆಲ್ಲಿ ಹೀಗಾಗಿದೆ ಅಂತ ಹುಡುಕಿದೆ. ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2010ರಲ್ಲಿ ಪ್ರಕಟಿಸಿದ ಒಂದು ದಾಖಲೆ ಸಿಕ್ಕಿತು. 2005ರಿಂದ 2009ರವರೆಗೆ ಇನ್‌ಫ್ಯೂಷನ್ ಪಂಪುಗಳ ಬಗ್ಗೆ ಅವರಿಗೆ ಸುಮಾರು 56,000 ದೂರುಗಳು ಬಂದಿದ್ದವು. ಕಾರಣಗಳ ಪಟ್ಟಿಯಲ್ಲಿ ಕೀ ಬೌನ್ಸ್ ಕೂಡ ಇತ್ತು. ನರ್ಸ್ ಒಂದು ಸಲ ಒತ್ತಿದ ಅಂಕೆಯನ್ನು ಪಂಪ್ ಎರಡು ಸಲ ಓದಿದರೆ 10 ಅನ್ನುವುದು 100 ಆಗುತ್ತದೆ. ಹೋಟೆಲಿನಲ್ಲಿ ರಾಂಗ್ ನಂಬರ್ ಹೋಗುತ್ತಿತ್ತು ಅಷ್ಟೇ. ಇಲ್ಲಿ ರೋಗಿಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ.

ಅದನ್ನು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಗೊತ್ತಿರುವ ಗಂಟು, ಜೀವ ಹೋಗುವ ಜಾಗದಲ್ಲಿ ಕೂತಿದೆ. ಎಲ್ಲಿ ಕೆಲಸ ಹುಡುಕಬೇಕು ಅನ್ನುವುದು ಆಗ ಸ್ಪಷ್ಟವಾಯಿತು. ಮುಂದೆ ಈಗಿನ ಕಂಪನಿಯ ಇಂಟರ್‌ವ್ಯೂನಲ್ಲಿ ಈ ಒಂದೇ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದೆವು. ಎದುರಿಗಿದ್ದವರು ವಯಸ್ಸು ಕೇಳಲಿಲ್ಲ. ಆ ಹೋಟೆಲಿನ ಫೋನಿನಲ್ಲಿ ಕೊನೆಗೆ ಎಷ್ಟು ಮಿಲಿಸೆಕೆಂಡ್ ಇಟ್ಟಿರಿ ಅಂತ ಕೇಳಿದರು.

ಕೋಡ್ ಹೆಚ್ಚು ಕಾಲ ಬಾಳುವ ಕಡೆ ಹೋಗಿ

ಆರು ತಿಂಗಳಿಗೊಮ್ಮೆ ಆ್ಯಪ್ ಬದಲಾಗುವ ಕಡೆ ನಮ್ಮ ಹಳೆಯ ಗಂಟುಗಳಿಗೆ ಬೆಲೆ ಕಡಿಮೆ. ಒಂದೇ ಕೋಡ್ ಹದಿನೈದು, ಇಪ್ಪತ್ತು ವರ್ಷ ಓಡುವ ಕಡೆ ಜಾಸ್ತಿ. ಬೆಂಗಳೂರಿನಲ್ಲಿ ಇಂಥ ಜಾಗಗಳಿಗೆ ಬರವಿಲ್ಲ.

ವೈದ್ಯಕೀಯ ಉಪಕರಣ ನನಗೆ ಚೆನ್ನಾಗಿ ಗೊತ್ತಿರುವ ಕ್ಷೇತ್ರ. ಇಲ್ಲಿ ಐಇಸಿ 62304 ಅನ್ನುವ ಮಾನದಂಡ ನಡೆಯುತ್ತದೆ. 2006ರಲ್ಲಿ ಬಂದಿದ್ದು. ಸಾಫ್ಟ್‌ವೇರನ್ನು ಅದು ಎ, ಬಿ, ಸಿ ಅಂತ ಮೂರು ವರ್ಗ ಮಾಡುತ್ತದೆ. ತಪ್ಪಾದರೆ ಸಾವು ಅಥವಾ ಗಂಭೀರ ಗಾಯ ಆಗಬಹುದಾದದ್ದು ಸಿ ವರ್ಗ. ಸಿ ವರ್ಗದಲ್ಲಿ ಪ್ರತಿ ಅವಶ್ಯಕತೆಯಿಂದ ವಿನ್ಯಾಸಕ್ಕೆ, ವಿನ್ಯಾಸದಿಂದ ಕೋಡಿಗೆ, ಕೋಡಿನಿಂದ ಪರೀಕ್ಷೆಗೆ ಕೊಂಡಿ ತೋರಿಸಬೇಕು. ನಾನು ಹೋದ ತಿಂಗಳು ಬದಲಾಯಿಸಿದ್ದು ಹನ್ನೊಂದು ಸಾಲು. ನಳಿಕೆಯಲ್ಲಿ ಗಾಳಿಗುಳ್ಳೆ ಬಂದರೆ ಪಂಪ್ ನಿಲ್ಲಿಸುವ ಭಾಗ ಅದು. ಆ ಹನ್ನೊಂದು ಸಾಲಿಗೆ ಒಂಬತ್ತು ದಿನ ಹಿಡಿಯಿತು. ಇಪ್ಪತ್ತೈದರ ವಯಸ್ಸಿನಲ್ಲಿ ನನಗೆ ಈ ತಾಳ್ಮೆ ಇರಲಿಲ್ಲ. ಈಗ ಇದೆ, ಮತ್ತು ಇಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ.

ಕಾರಿನ ಕ್ಷೇತ್ರ ಇನ್ನೂ ದೊಡ್ಡದು. ಸಿ ಭಾಷೆ ಚೆನ್ನಾಗಿ ಬಂದರೆ, ಅದನ್ನು ಅಪಾಯವಿಲ್ಲದಂತೆ ಬರೆಯಲು ಇರುವ ಮಿಸ್ರಾ ಸಿ ನಿಯಮಗಳನ್ನು ಓದಿ, ಕಾರಿನ ಸಾಫ್ಟ್‌ವೇರಿನ ಚೌಕಟ್ಟಾದ ಆಟೋಸಾರ್ ಅಂದರೇನು ನೋಡಿ, ಸುರಕ್ಷತೆಗೆ ಐಎಸ್‌ಒ 26262 ಇದೆ. ವಿಮಾನದ ಸಾಫ್ಟ್‌ವೇರಿಗೆ ಡಿಒ-178ಸಿ. ಈ ನಾಲ್ಕು ಹೆಸರು ಹಾಕಿ ಹುಡುಕಿದರೆ ಬೆಂಗಳೂರಿನ ಕೆಲಸಗಳು ಸಾಲಾಗಿ ಬರುತ್ತವೆ.

ನೀವು ಬಿಸಿನೆಸ್ ಸಾಫ್ಟ್‌ವೇರಿನವರಾದರೆ ಬೇರೆ ಬಾಗಿಲುಗಳಿವೆ. ಎಸ್‌ಎಪಿ ಕಂಪನಿಗಳ ವ್ಯವಹಾರ ನಡೆಸುವ ತನ್ನ ಹಳೆಯ ಸಾಫ್ಟ್‌ವೇರ್ ಇಸಿಸಿಗೆ ಸಾಮಾನ್ಯ ಬೆಂಬಲವನ್ನು 2027ರ ಕೊನೆಗೆ ನಿಲ್ಲಿಸುವುದಾಗಿ ಹೇಳಿದೆ. ಅಷ್ಟರೊಳಗೆ ಅದರ ಹೊಸ ಪೀಳಿಗೆಯಾದ ಎಸ್/4ಹಾನಾಗೆ ಹೋಗಬೇಕಾದ ಕಂಪನಿಗಳಿಗೆ ಇಪ್ಪತ್ತು ವರ್ಷ ಹಿಂದಿನ ಅಬಾಪ್ (ಎಸ್‌ಎಪಿಯ ಭಾಷೆ) ಕೋಡ್ ಓದಬಲ್ಲವರು ಬೇಕು. ಜಾವಾ 8 ಬಂದಿದ್ದು 2014ರಲ್ಲಿ. ಅದರಲ್ಲೇ ನಿಂತಿರುವ ವ್ಯವಸ್ಥೆಗಳನ್ನು 17ಕ್ಕೆ, 21ಕ್ಕೆ ಏರಿಸುವುದು ಬೇಕಾದಷ್ಟಿದೆ. ಹೊಸಬರಿಗೆ ಇದು ಬೇಸರದ ಕೆಲಸ. ನನ್ನ ಗೆಳತಿಗೆ 55. ಮೈಸೂರಿನ ಮನೆಯಿಂದಲೇ ಅಮೆರಿಕದ ಒಂದು ವಿಮಾ ಕಂಪನಿಯ ಕೋಬಾಲ್ ಭಾಷೆಯ ಕೋಡ್ ನೋಡಿಕೊಳ್ಳುತ್ತಾಳೆ. ಕೋಬಾಲ್ ಹುಟ್ಟಿದ್ದು 1959ರಲ್ಲಿ. 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ಉಕ್ಕಿ ಬಂದಾಗ ನ್ಯೂಜೆರ್ಸಿಯ ಗವರ್ನರ್ ಪತ್ರಿಕಾಗೋಷ್ಠಿಯಲ್ಲೇ ಕೋಬಾಲ್ ಬಲ್ಲವರು ಬೇಕು ಅಂದರು. ಆದರೆ ಗೊತ್ತಿಲ್ಲದವರು ಈಗ ಕೋಬಾಲ್ ಕಲಿಯಲು ಹೊರಡಬೇಡಿ. ಗೆಳತಿಗೆ ಬೆಲೆ ಇರುವುದು ವಿಮೆಯ ಪ್ರೀಮಿಯಂ ಲೆಕ್ಕ ಎಲ್ಲಿ ಹೇಗೆ ಹೋಗುತ್ತದೆ ಅಂತ ಗೊತ್ತಿರುವುದಕ್ಕೆ. ಭಾಷೆ ಅದರ ಜೊತೆಗೆ ಬಂದಿದ್ದು.

ಬೆಳಗಿನ ಒಂದೂವರೆ ಗಂಟೆ

ಒಂಬತ್ತು ವರ್ಷ ಮ್ಯಾನೇಜರ್ ಆಗಿದ್ದರೆ ಬೆರಳು ತುಕ್ಕು ಹಿಡಿದಿರುತ್ತದೆ. ಇದನ್ನು ಒಪ್ಪಿಕೊಂಡೇ ಶುರು ಮಾಡಿ. ನಾನು ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಕೂತೆ. ಹದಿಮೂರು ತಿಂಗಳು. ರಾತ್ರಿ ಕೂರಲು ಮೊದಲು ನೋಡಿದೆ, ಆಗಲಿಲ್ಲ. ಆಫೀಸಿನ ಫೋನುಗಳು ತಲೆಯಲ್ಲಿ ಉಳಿದಿರುತ್ತಿದ್ದವು.

ವಿಡಿಯೋ ಪಾಠಗಳನ್ನು ನೋಡುತ್ತಾ ಕೂರಬೇಡಿ. ನಾನು ಅದರಲ್ಲಿ ಆರು ವಾರ ಕಳೆದೆ. ನೋಡುವಾಗ ಎಲ್ಲ ಗೊತ್ತಾದಂತೆ ಇರುತ್ತದೆ, ಖಾಲಿ ಫೈಲ್ ತೆರೆದರೆ ಏನೂ ಬರುವುದಿಲ್ಲ. ಒಂದು ವಸ್ತು ಮಾಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಒಂದು ಎಸ್‌ಟಿಎಂ32 ನ್ಯೂಕ್ಲಿಯೋ ಬೋರ್ಡ್ (ಪುಟ್ಟ ಕಂಪ್ಯೂಟರ್ ಚಿಪ್ ಇರುವ ಹಲಗೆ) ತಂದೆ. ಜೊತೆಗೆ ಬೆರಳಿಟ್ಟರೆ ನಾಡಿಬಡಿತ ಓದುವ ಮ್ಯಾಕ್ಸ್30102 ಸೆನ್ಸರ್. ಎರಡೂವರೆ ಸಾವಿರದೊಳಗೆ ಮುಗಿಯಿತು. ಯಾರೋ ಬರೆದ ಲೈಬ್ರರಿ ಬಳಸದೆ, ಡೇಟಾಶೀಟ್ ಓದಿ, ಸೆನ್ಸರ್ ಜೊತೆ ಮಾತಾಡುವ ಕೋಡನ್ನು, ಅಂದರೆ ಡ್ರೈವರನ್ನು, ನಾನೇ ಬರೆದೆ. ಕೆಳಗೆ, ಯಾವ ಕೆಲಸ (ಟಾಸ್ಕ್) ಯಾವಾಗ ಓಡಬೇಕು ಅಂತ ನೋಡಿಕೊಳ್ಳುವ ಫ್ರೀಆರ್‌ಟಿಒಎಸ್.

ನಾಡಿಬಡಿತದ ಗ್ರಾಫ್ ಅಲ್ಲಲ್ಲಿ ಹರಿದುಹೋಗುತ್ತಿತ್ತು. ಆ ಸೆನ್ಸರಿನ ಒಳಗೆ 32 ಓದುಗಳಿಗೆ ಮಾತ್ರ ಜಾಗ. ಸೆಕೆಂಡಿಗೆ 100 ಓದು ಅಂದರೆ 0.32 ಸೆಕೆಂಡಿನಲ್ಲಿ ತುಂಬುತ್ತದೆ. ಅಷ್ಟರಲ್ಲಿ ಖಾಲಿ ಮಾಡದಿದ್ದರೆ ಡೇಟಾ ಹೋಯಿತು. ಸೀರಿಯಲ್ ಪೋರ್ಟಿಗೆ ಅಕ್ಷರ ಕಳಿಸುವ ಟಾಸ್ಕಿಗೆ ನಾನು ಜಾಸ್ತಿ ಆದ್ಯತೆ ಕೊಟ್ಟುಬಿಟ್ಟಿದ್ದೆ. ಅದು ಮುಗಿಯುವವರೆಗೆ ಸೆನ್ಸರ್ ಓದುವ ಟಾಸ್ಕ್ ಕಾಯುತ್ತಿತ್ತು. ಆದ್ಯತೆ ಅದಲುಬದಲು ಮಾಡಿ, ‘ಈಗ ಓದು’ ಅಂತ ಚಿಪ್ಪನ್ನು ತಡೆದು ಎಚ್ಚರಿಸುವ ಸೆನ್ಸರಿನ ಇಂಟರಪ್ಟ್ ತಂತಿ ಜೋಡಿಸಿದ ಮೇಲೆ ಸರಿಹೋಯಿತು. ಏನು ಕಂಡಿತು, ಮೊದಲು ಏನು ತಪ್ಪು ಊಹೆ ಮಾಡಿದೆ, ಕೊನೆಗೆ ಹೇಗೆ ಖಾತ್ರಿ ಮಾಡಿಕೊಂಡೆ ಅಂತ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ರೀಡ್‌ಮಿ ಫೈಲಿನಲ್ಲಿ ಒಂದು ಪುಟ ಬರೆದೆ. ಮುಂದೆ ಇಂಟರ್‌ವ್ಯೂ ಮಾಡಿದ ಇಬ್ಬರು ಆ ಪುಟವನ್ನು ಓದಿಕೊಂಡೇ ಬಂದಿದ್ದರು. ನಿಮ್ಮ ಕ್ಷೇತ್ರ ಡೇಟಾಬೇಸ್ ಆಗಿದ್ದರೂ, ವೆಬ್ ಆಗಿದ್ದರೂ ಇಂಥ ಒಂದು ಪುಟ ಇರಲಿ.

ಅರ್ಜಿ, ಇಂಟರ್‌ವ್ಯೂ

ರೆಸ್ಯೂಮೆ ಎರಡು ಪುಟ. ಮೊದಲ ಅರ್ಧ ಪುಟದಲ್ಲಿ ಕಳೆದ ಎರಡು ವರ್ಷದಲ್ಲಿ ನಿಮ್ಮ ಕೈಯಾರೆ ಬರೆದದ್ದು ಮಾತ್ರ. ಒಂಬತ್ತು ವರ್ಷದ ಮ್ಯಾನೇಜರ್ ಕೆಲಸಕ್ಕೆ ನಾನು ಕೊಟ್ಟಿದ್ದು ಮೂರು ಸಾಲು. ಕೆಲಸ ಹುಡುಕುವ ನೌಕ್ರಿ ತಾಣದಲ್ಲಿ ಹೆಸರಿನ ಕೆಳಗೆ ‘ಡೆಲಿವರಿ ಮ್ಯಾನೇಜರ್’ ಅಂತ ಇದ್ದರೆ ಬರುವ ಕರೆಗಳೂ ಅವೇ. ಅದನ್ನು ‘ಎಂಬೆಡೆಡ್ ಸಿ ಎಂಜಿನಿಯರ್’ (ಯಂತ್ರದ ಒಳಗಿನ ಕೋಡ್ ಬರೆಯುವವರು) ಅಂತ ಬದಲಾಯಿಸಿದ ಮೇಲೆ ಕರೆಗಳು ಕಡಿಮೆಯಾದವು, ಆದರೆ ಬಂದವು ಸರಿಯಾದವು. ಬಿ.ಇ. ಮುಗಿಸಿದ ವರ್ಷ ಮುಚ್ಚಿಡಬೇಡಿ. ಹೇಗಿದ್ದರೂ ಎದುರಿಗೆ ಕೂತಾಗ ಗೊತ್ತಾಗುತ್ತದೆ.

ಜಾಹೀರಾತು ನೋಡಿ ಹಾಕಿದ ಅರ್ಜಿಗಳಿಂದ ನನಗೆ ಏನೂ ಸಿಗಲಿಲ್ಲ. ಹಳೆಯ ಸಹೋದ್ಯೋಗಿಗಳು 31 ಜನಕ್ಕೆ ಒಬ್ಬೊಬ್ಬರಿಗೇ ಬೇರೆ ಬೇರೆ ಮೇಲ್ ಬರೆದೆ. ‘ಮ್ಯಾನೇಜರ್ ಕೆಲಸ ಬೇಡ, ಕೋಡ್ ಬರೆಯುವ ಕೆಲಸ ಬೇಕು, ಇದು ನನ್ನ ಈಚಿನ ಕೆಲಸ’ ಅಂತ ನಾಲ್ಕು ಸಾಲು. ಒಂಬತ್ತು ಜನ ಉತ್ತರಿಸಿದರು. ಎರಡು ಕೆಲಸಗಳು ಅಲ್ಲಿಂದಲೇ ಬಂದವು. ಎರಡೂ ನನ್ನ ಕೈಕೆಳಗೆ ಇದ್ದು ಹೋದವರಿಂದ. ನೀವು ಕಲಿಸಿದ ಹುಡುಗರು ಈಗ ಆಳು ತೆಗೆದುಕೊಳ್ಳುವ ಜಾಗದಲ್ಲಿದ್ದಾರೆ. ಅವರಿಗೆ ಬರೆಯಲು ಸಂಕೋಚ ಬೇಡ.

ಸಮಯದೊಳಗೆ ಕೋಡಿಂಗ್ ಲೆಕ್ಕ ಬಿಡಿಸುವ ಲೀಟ್‌ಕೋಡ್ ಥರದ ಪರೀಕ್ಷೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೊದಲ ಎರಡರಲ್ಲಿ ನನಗೆ ಸಮಯ ಸಾಲಲಿಲ್ಲ. ಆಮೇಲೆ ಗಡಿಯಾರ ಇಟ್ಟುಕೊಂಡು 150 ಲೆಕ್ಕ ಮಾಡಿದೆ. ಎರಡು ತಿಂಗಳ ಅಭ್ಯಾಸ ಸಾಕು. ಚಿಕ್ಕ ಕಂಪನಿಗಳಲ್ಲಿ ಮಾತ್ರ ಇನ್ನೊಂದು ದಾರಿ ಕೇಳಿ ನೋಡಿ. ‘ನಿಮ್ಮದೇ ಒಂದು ಫೈಲ್ ಕೊಡಿ, ಓದಿ ತಪ್ಪು ಹುಡುಕುತ್ತೇನೆ’ ಅನ್ನಿ. ನಾಲ್ಕು ಕಡೆ ಕೇಳಿದೆ, ಎರಡು ಕಡೆ ಒಪ್ಪಿದರು.

ಒಂದು ಕಡೆ ಇಂಟರ್‌ವ್ಯೂಗೆ ಕೂತ ಹುಡುಗ ಮೊದಲೇ ಕೇಳಿದ. ‘ಮ್ಯಾಮ್, ನೀವು ಈಗ್ಲೂ ಕೋಡ್ ಬರೀತೀರಾ?’ ಮನಸ್ಸಿಗೆ ನೋವಾಯಿತು. ಲ್ಯಾಪ್‌ಟಾಪ್ ತೆರೆದು ಆ ತಿಂಗಳ ಕಮಿಟ್‌ಗಳನ್ನು, ಅಂದರೆ ನಾನು ಬರೆದು ಸೇರಿಸಿದ ಕೋಡಿನ ದಾಖಲೆಯನ್ನು, ತೋರಿಸಿದೆ. ಮಾತು ತಾನಾಗಿ ಬದಲಾಯಿತು.

ಎದುರಿಗಿರುವವರಿಗೆ ಮೂರು ಭಯ ಇರುತ್ತದೆ. ಇವರು ದುಬಾರಿ. ಚಿಕ್ಕವರ ಮಾತು ಕೇಳುವುದಿಲ್ಲ. ಎರಡು ವರ್ಷಕ್ಕೆ ಮ್ಯಾನೇಜರ್ ಕುರ್ಚಿ ಕೇಳುತ್ತಾರೆ. ಅವರು ಬಾಯಿಬಿಟ್ಟು ಕೇಳುವುದಿಲ್ಲ. ನೀವೇ ಎತ್ತಿ ಉತ್ತರ ಹೇಳಿ.

ದುಡ್ಡಿನ ಮಾತು

ನನ್ನ ಸಂಬಳ ಕಾಲು ಭಾಗ ಇಳಿಯಿತು. ಹಳೆಯ ಮಟ್ಟಕ್ಕೆ ಬರಲು ನಾಲ್ಕು ವರ್ಷ ಹಿಡಿಯಿತು. ಇದಕ್ಕೆ ತಯಾರಿ ಇಲ್ಲದೆ ರಾಜೀನಾಮೆ ಕೊಡಬೇಡಿ. ನಾವು ಮೊದಲು ಮನೆ ಸಾಲ ತೀರಿಸಿದೆವು. ಅದಕ್ಕಾಗಿ ಹೊಸ ಕಾರಿನ ಆಸೆ ಬಿಟ್ಟೆವು. 14 ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಠೇವಣಿ ಇಟ್ಟೆವು. ಆಮೇಲೆ ನೋಟಿಸ್ ಕೊಟ್ಟೆ. 90 ದಿನದ ನೋಟಿಸ್ ಅವಧಿಯನ್ನು ಅರ್ಜಿ ಹಾಕುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆರೋಗ್ಯ ವಿಮೆಯನ್ನು ಕೆಲಸ ಬಿಡುವ ಎರಡು ಮೂರು ವರ್ಷ ಮೊದಲೇ ನಿಮ್ಮ ಸ್ವಂತ ಹೆಸರಿನಲ್ಲಿ ಮಾಡಿಸಿ. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಮೊದಲೇ ಇರುವ ಕಾಯಿಲೆಗೆ ವಿಮಾ ಕಂಪನಿ 3 ವರ್ಷದವರೆಗೆ ಕಾಯಿಸಬಹುದು. ನಮ್ಮ ಮನೆಯವರಿಗೆ ಶುಗರ್ ಇದೆ. ಆ ಕಾಯುವ ಕಾಲದ ಒಂದಷ್ಟನ್ನು ನನ್ನ ಹಳೆಯ ಕೆಲಸದಲ್ಲಿ ಇರುವಾಗಲೇ ಕಳೆದಿದ್ದರಿಂದ ನಿಶ್ಚಿಂತೆಯಾಯಿತು. ಪಿಎಫ್ ಹಣ ತೆಗೆಯಬೇಡಿ, ಹೊಸ ಕಡೆಗೆ ವರ್ಗಾಯಿಸಿ. ನಮ್ಮ ಕಾಲದಲ್ಲಿ ಸೇರಿದ ಹೆಚ್ಚಿನವರು ಪಿಎಫ್ ಜೊತೆಗಿನ ಪಿಂಚಣಿ ಯೋಜನೆ ಇಪಿಎಸ್‌ನ ಸದಸ್ಯರು. 10 ವರ್ಷ ಸೇವೆ ಇದ್ದರೆ 58ಕ್ಕೆ ಪಿಂಚಣಿ ಬರುತ್ತದೆ. ಮೊತ್ತ ಸಣ್ಣದು, ಆದರೂ ಬಿಡುವುದು ಯಾಕೆ? ಈಗಿನ ಕಾಯಂ ಕೆಲಸದಲ್ಲಿ 5 ವರ್ಷ ಆಗಲು ಕೆಲವೇ ತಿಂಗಳಿದ್ದರೆ ಗ್ರಾಚ್ಯುಟಿಗಾಗಿ ಕಾಯಿರಿ.

ಸರ್ವಿಸ್ ಕಂಪನಿ ಬಿಟ್ಟ ಮೇಲೆ ನಾನು ನೇರವಾಗಿ ಪಂಪಿನ ಕೆಲಸಕ್ಕೆ ಹೋಗಲಿಲ್ಲ. ನಡುವೆ 20 ತಿಂಗಳು ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡಿದೆ. ಕೋಡ್ ಮಾತ್ರ ಬರೆಯಬೇಕು ಅನ್ನುವವರಿಗೆ ಅದು ಒಳ್ಳೆಯ ದಾರಿ. ಮೀಟಿಂಗ್ ಕಡಿಮೆ. ಆದರೆ ದುಡ್ಡು ವಸೂಲಿ ನಿಮ್ಮ ತಲೆಯ ಮೇಲೆ. ಒಬ್ಬ ಗ್ರಾಹಕ ಕೆಲಸ ಮುಗಿದ ಮೇಲೆ 97 ದಿನ ಸತಾಯಿಸಿದ. ಅದರಿಂದ ಕಲಿತದ್ದು ಇಷ್ಟು. ಮೂರನೆಯ ಒಂದು ಭಾಗ ಮುಂಗಡ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಬಿಲ್ ಕಳಿಸಿ. ಎಷ್ಟು ದಿನದಲ್ಲಿ ಹಣ ಅನ್ನುವುದು ಒಪ್ಪಂದದಲ್ಲಿ ಇರಲಿ. ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಕಿರು ಉದ್ಯಮ ಅಂತ ನೋಂದಾಯಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನಿಮಗೆ ಹಣ ಕೊಡಲು ಇರುವ ಗಡುವು, ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ನನಗೆ ಇದು ಆಗ ಗೊತ್ತಿರಲಿಲ್ಲ.

ತೆರಿಗೆ ಹೆದರುವಷ್ಟು ಕಷ್ಟವಲ್ಲ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಅನ್ನುವ ಸೌಲಭ್ಯ ಇತ್ತು. ಬಂದ ಹಣದಲ್ಲಿ ಅರ್ಧವನ್ನು ಆದಾಯ ಅಂತ ತೋರಿಸಿದರೆ ಖರ್ಚಿನ ಲೆಕ್ಕಪುಸ್ತಕ ಇಡಬೇಕಿರಲಿಲ್ಲ. ಮಿತಿ 50 ಲಕ್ಷ, ನಗದು ತೀರಾ ಕಡಿಮೆ ಇದ್ದರೆ 75 ಲಕ್ಷ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ, ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಒಬ್ಬ ಸಿಎ ಹತ್ತಿರ ವರ್ಷಕ್ಕೊಮ್ಮೆ ಕೂತು ಕೇಳಿ.

ಸೇರಿದ ಮೇಲೆ

ನಮ್ಮ ತಂಡದ ಲೀಡ್‌ಗೆ 34 ವರ್ಷ. ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ. ಕರೆಯಲಿ. ಕೆಲಸದ ತೀರ್ಮಾನ ಅವಳದು. ಮೊದಲ ಮೂರು ತಿಂಗಳು ನಾನು ಎರಡು ನಿಯಮ ಇಟ್ಟುಕೊಂಡೆ. ‘ನಮ್ಮ ಕಾಲದಲ್ಲಿ’ ಅಂತ ಮಾತು ಶುರು ಮಾಡಬಾರದು. ಬೇರೆಯವರ ಕೋಡ್ ಓದಿ ನೋಡುವ ರಿವ್ಯೂನಲ್ಲಿ ‘ಇದು ತಪ್ಪು’ ಅನ್ನುವ ಬದಲು ‘ಈ ಹೊತ್ತಿಗೆ ಇಂಟರಪ್ಟ್ ಬಂದರೆ ಏನಾಗುತ್ತೆ?’ ಅಂತ ಕೇಳಬೇಕು. ಎಷ್ಟೋ ಸಲ ಅವರ ಹತ್ತಿರ ಒಳ್ಳೆಯ ಉತ್ತರ ಇತ್ತು, ನಾನು ಕಲಿತೆ.

ಹೆಂಗಸರಿಗೆ ಒಂದು ಮಾತು. ಆಫೀಸಿನ ರಾಜ್ಯೋತ್ಸವ, ಹುಟ್ಟುಹಬ್ಬ, ಹೊಸ ಹುಡುಗಿಯರಿಗೆ ಧೈರ್ಯ ಹೇಳುವುದು ಎಲ್ಲವೂ ಹಿರಿಯ ಅಕ್ಕನ ತಲೆಗೆ ಬರುತ್ತದೆ. ನನಗೂ ಬಂತು. ಧೈರ್ಯ ಹೇಳುವುದನ್ನು ಇಟ್ಟುಕೊಂಡು ಉಳಿದದ್ದಕ್ಕೆ ಆಗಲ್ಲ ಅಂದೆ. ಇಲ್ಲದಿದ್ದರೆ ಹಿಂದಿನ ಕ್ಯಾಲೆಂಡರೇ ಇನ್ನೊಂದು ರೂಪದಲ್ಲಿ ಬರುತ್ತಿತ್ತು.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಬಳಸುತ್ತೇನೆ. ಪರೀಕ್ಷೆಯ ಕೋಡ್ ಬರೆಸಲು, ಗೊತ್ತಿಲ್ಲದ ಬಿಲ್ಡ್ ಸ್ಕ್ರಿಪ್ಟ್ ಅರ್ಥ ಮಾಡಿಕೊಳ್ಳಲು ತುಂಬಾ ಸಹಾಯ. ಅದು ಬರೆದುಕೊಟ್ಟ ಕೋಡ್ ಚೆಂದ ಕಾಣುತ್ತದೆ, ಆದರೆ ಸವೆದ ಕೀಲಿ ಹೇಗೆ ನೆಗೆಯುತ್ತದೆ ಅಂತ ಅದನ್ನು ಯಾರಾದರೂ ಕೇಳಬೇಕು. ಪಂಪಿನ ಕೋಡಿಗೆ ಕೊನೆಗೆ ಸಹಿ ಹಾಕುವವಳು ನಾನು. ಓದದೆ ಒಂದು ಸಾಲಿಗೂ ಸಹಿ ಹಾಕುವುದಿಲ್ಲ. ಬೇರೆಯವರು ಬರೆದ ಕೋಡನ್ನು ನಿಧಾನವಾಗಿ ಓದಿ ತಪ್ಪು ಹಿಡಿಯುವ ಅಭ್ಯಾಸ ಹಳಬರಿಗೆ ಜಾಸ್ತಿ ಇರುತ್ತದೆ. ಅದನ್ನು ಬಿಡಬೇಡಿ.

ಆಫೀಸ್ ಎಲ್ಲಿದೆ ಅನ್ನುವುದೂ ಮುಖ್ಯ. ನಾನಿರುವುದು ಬನಶಂಕರಿಯಲ್ಲಿ, ಆಫೀಸು ಬೊಮ್ಮಸಂದ್ರದ ಕಡೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾಗುವವರೆಗೆ ಸಿಲ್ಕ್ ಬೋರ್ಡ್ ದಾಟುವುದರಲ್ಲೇ ಅರ್ಧ ಶಕ್ತಿ ಹೋಗುತ್ತಿತ್ತು. ಈಗ ಆರ್.ವಿ. ರೋಡಿನಲ್ಲಿ ರೈಲು ಬದಲಾಯಿಸಿ ಕೂತರೆ ಇಳಿಯುವುದರೊಳಗೆ ಒಂದು ರಿವ್ಯೂ ಓದಿ ಮುಗಿಸುತ್ತೇನೆ.

ಇನ್ನು ಕಣ್ಣು. ಎರಡು ವರ್ಷ ಕತ್ತು ನೋವು ಅಂತ ಫಿಸಿಯೋಥೆರಪಿಗೆ ಓಡಾಡಿದೆ. ಕಾರಣ ಕನ್ನಡಕವಾಗಿತ್ತು. ಪ್ರೋಗ್ರೆಸಿವ್ ಲೆನ್ಸಿನಲ್ಲಿ ಹತ್ತಿರದ್ದನ್ನು ನೋಡುವ ಭಾಗ ಕೆಳಗಿರುತ್ತದೆ. ಮಾನಿಟರ್ ಓದಲು ಗೊತ್ತಿಲ್ಲದೆ ಗಲ್ಲ ಮೇಲೆತ್ತುತ್ತೇವೆ. ದಿನಕ್ಕೆ ಎಂಟು ಗಂಟೆ ಹಾಗೇ ಕೂರುತ್ತೇವೆ. ಕಂಪ್ಯೂಟರಿಗೆ ಮಾತ್ರ ಅಂತ ಒಂದು ಬೇರೆ ಕನ್ನಡಕ ಮಾಡಿಸಿಕೊಳ್ಳಿ. ಕಣ್ಣಿನ ಡಾಕ್ಟರ ಹತ್ತಿರ ಹೋಗುವ ಮುಂಚೆ, ನೀವು ಯಾವಾಗಲೂ ಕೂರುವ ಹಾಗೆ ಕುರ್ಚಿಯಲ್ಲಿ ಕೂತು, ಕಣ್ಣಿನಿಂದ ಪರದೆಗೆ ಎಷ್ಟು ದೂರ ಅಂತ ಮನೆಯವರ ಹತ್ತಿರ ಟೇಪಿನಲ್ಲಿ ಅಳೆಸಿ. ನನ್ನದು 68 ಸೆಂಟಿಮೀಟರ್ ಇತ್ತು. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ.